ಅತ್ತೆಯ ಬಲಗಿವಿ

ಮಾರ್ಚ್ ಹದಿನಾರು, ಭಾನುವಾರ. ಬೆಳಿಗ್ಗೆಯಿಂದಲೇ ಸೆಕೆ, ಕಡಲ ಕಡೆಯಿಂದ ಗಾಳಿ ಇಲ್ಲ. ಎದ್ದಾಗಿನಿಂದ ನನ್ನ ಎಡಗಿವಿ ನೋಯುತ್ತಿದೆ. ನಾನು ಕನ್ನಡಿ ಮುಂದೆ ಬಾಯಿ ತೆರೆದು ನಿಂತದ್ದನ್ನು ಕಂಡು ಹೆಂಡತಿ, "ನೋವು ಕಿವಿಗಲ್ಲವಾ?" ಎಂದಳು. ನಮ್ಮ ಮನೆತನದಲ್ಲಿ ಕಿವಿ ನೋವಾದರೆ ಮೊದಲು ನೋಡುವುದು ಬಾಯೊಳಗೆ. ತಪ್ಪು ಒಬ್ಬರದು, ಬೈಗುಳ ಇನ್ನೊಬ್ಬರಿಗೆ ಎಂಬುದು ಊರಲ್ಲಿ ಆಗುತ್ತಲೇ ಇರುತ್ತದೆ. ದೇಹದಲ್ಲೂ ಹಾಗಾಗುತ್ತದೆ ಎಂದು ನಮಗೆ ಗೊತ್ತಾದದ್ದು ಮುಟ್ಟಳ್ಳಿಯ ಅತ್ತೆಯಿಂದ. ಅಪ್ಪನ ತಂಗಿ.

೧. ಬಾವಿಕಟ್ಟೆಯ ತೀರ್ಪು

ಅತ್ತೆ ಮದುವೆ ಹಾಡು ಹೇಳುವವಳು. ಈಗ ಚಪ್ಪರದಲ್ಲಿ ಸ್ಪೀಕರ್ ಹಾಡುತ್ತದೆ. ಆಗ ಇಬ್ಬರು ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕೂರಬೇಕಿತ್ತು. ಒಬ್ಬಳು ಮೊದಲ ಸೊಲ್ಲು ಎತ್ತಿದರೆ, ಅದು ಮುಗಿಯುವ ಮೊದಲೇ ಇನ್ನೊಬ್ಬಳು ಹಿಡಿದುಕೊಳ್ಳಬೇಕು. ಯಾರ ಮನೆಯ ಚಪ್ಪರವಾದರೂ ಎತ್ತುವವಳು ಅತ್ತೆ. ಆ ಜಾಗ ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹಿಡಿಯುವವಳು ನೆರೆಮನೆಯಾಕೆ, ಅತ್ತೆಯ ಬಲಕ್ಕೆ ಕೂತು. ಇಬ್ಬರೂ ಮದುವೆಯಾಗಿ ಆ ಕೇರಿಗೆ ಬಂದಾಗಿನಿಂದ ಹೀಗೇ.

ಒಂದು ವರ್ಷ ಅತ್ತೆಗೆ ಬಲಗಿವಿ ನೋವು ಶುರುವಾಯಿತು. ಬಿಸಿ ಎಣ್ಣೆ ಬಿಟ್ಟಳು, ಬೆಳ್ಳುಳ್ಳಿ ಇಟ್ಟಳು, ಕಡಿಮೆಯಾಗಲಿಲ್ಲ. ಕೇರಿಯ ಹುಡುಗಿಯೊಬ್ಬಳ ಮದುವೆ ಬೇರೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅತ್ತೆ ಬಾವಿಕಟ್ಟೆಯಲ್ಲಿ ಎಲ್ಲರೆದುರು ತೀರ್ಪು ಕೊಟ್ಟಳು: "ನನ್ನ ಕಿವಿ ಹಾಳಾದದ್ದು ಇವಳ ಗಂಟಲಿಂದ. ಇಷ್ಟು ವರ್ಷ ಅದೇ ಕಿವಿಲಿ ಕೂಗಿದ್ದು."

ನೆರೆಮನೆಯಾಕೆ ಕೊಡ ಕೆಳಗಿಟ್ಟಳು. "ನಿನ್ನ ಬಾಯಿ ನನ್ನ ಎಡಗಿವಿ ಹತ್ರವೇ ಇತ್ತಲ್ಲ ಮಾರಾಯ್ತಿ. ನನ್ನ ಕಿವಿಗೆ ಎಂತ ಆಗ್ಲಿಲ್ವಲ್ಲ?"

"ನಂದು ಹಾಡು," ಎಂದಳು ಅತ್ತೆ.

೨. ಹೊನ್ನಾವರ

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಡುವೆ ಇದ್ದದ್ದು ಒಂದು ಬೇಲಿ ಮಾತ್ರ. ಮದುವೆ ಮನೆಯವರು ಅತ್ತಿಂದಿತ್ತ ಓಡಾಡಿದರು. ಅತ್ತೆ, "ಅವಳು ಬಂದ್ರೆ ನಾನಿಲ್ಲ" ಎಂದಳು. ಆಕೆ, "ತಪ್ಪಾಯ್ತು ಅಂತ ಅವಳು ಬಂದು ಹೇಳ್ಬೇಕು" ಎಂದಳು. ಒಬ್ಬಳಿಂದ ಹಾಡು ಆಗುವುದಿಲ್ಲ, ಹಾಡಿಲ್ಲದೆ ಮದುಮಗಳಿಗೆ ಅರಿಸಿನ ಹಚ್ಚುವ ಹಾಗಿಲ್ಲ.

ನಾನು ಆಗ ಹೊನ್ನಾವರದ ಬ್ಯಾಂಕೊಂದರಲ್ಲಿದ್ದೆ. ಅತ್ತೆಯ ಗಂಡ, ನಮ್ಮ ಮಾವ, ಫೋನ್ ಮಾಡಿದ: "ತಮಾ, ಇವಳ ಕಿವಿ ಯಾರಿಗಾದ್ರೂ ತೋರ್ಸು. ಕಿವಿ ಗುಣ ಆದ್ರೆ ಬಾಯಿಯೂ ಗುಣ ಆದೀತು."

ಕಿವಿಯ ಡಾಕ್ಟರು ಚಿಮಟದಲ್ಲಿ ಮೊದಲು ಹತ್ತಿ ತೆಗೆದರು. ಅದರ ಹಿಂದೆ ಒಂದು ಬೆಳ್ಳುಳ್ಳಿ ಚೂರು ಬಂತು. ಅದರ ಹಿಂದೆ ಇನ್ನೊಂದು, ಕಪ್ಪಾದದ್ದು.

"ಇದೆಂತದಮ್ಮಾ?"

"ಅದು ಹೋದ ವಾರದ್ದು," ಎಂದಳು ಅತ್ತೆ.

ಎಲ್ಲ ತೊಳೆದು, ದೀಪ ಹಿಡಿದು ನೋಡಿ ಡಾಕ್ಟರು, "ಕಿವಿಯಲ್ಲಿ ಏನೂ ಇಲ್ಲ. ಹಲ್ಲು ತೋರಿಸಿದ್ದೀರಾ?" ಎಂದರು.

ಅತ್ತೆ ಎದ್ದೇ ನಿಂತಳು. "ನನ್ನ ಹಲ್ಲಿನ ಸುದ್ದಿ ಬೇಡ. ಈಗಲೂ ಕಬ್ಬು ಸಿಗಿದು ತಿಂತೆ."

ಹೊರಗೆ ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ಪಾಪ, ಕಲ್ತವ. ಕಿವಿ ಎಲ್ಲಿರ್ತದೆ ಅಂತ ಮಾತ್ರ ಗೊತ್ತಿಲ್ಲ."

೩. ಕುಮಟೆ

ಹಲ್ಲಿನ ಡಾಕ್ಟರೆಂದರೆ ಬರುವವಳಲ್ಲ. ಕುಮಟೆಯಲ್ಲಿ ಇನ್ನೂ ದೊಡ್ಡ ಡಾಕ್ಟರಿದ್ದಾರೆ ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದೆ. ದವಾಖಾನೆಯ ಬೋರ್ಡಿನ ಮೇಲೆ ಮನುಷ್ಯನೆತ್ತರದ ಹಲ್ಲಿನ ಚಿತ್ರವಿತ್ತು. ಅತ್ತೆ ಅದರ ಕೆಳಗೆ ನಿಂತು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಇದು ಯಾರ ಕಿವಿ ತಮಾ?"

ಒಳಗೆ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬಲಗಡೆಯ ಕೊನೆಯ ದವಡೆ ಹಲ್ಲಿಗೆ ಸಣ್ಣ ಕನ್ನಡಿಯ ಹಿಡಿಯಿಂದ ಮೆಲ್ಲಗೆ ಬಡಿದರು. ಅತ್ತೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. "ಕಿವಿ ಮುಟ್ಬೇಡ ಮಗಾ."

"ನಾನು ಮುಟ್ಟಿದ್ದು ಹಲ್ಲು, ಅಮ್ಮಾ."

ಡಾಕ್ಟರು ಬಿಡಿಸಿ ಹೇಳಿದರು: ದವಡೆಯಿಂದಲೂ ಕಿವಿಯಿಂದಲೂ ಬರುವ ನರ ಒಂದೇ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ, ನೋವು ಯಾರ ಮನೆಯಿಂದ ಹೊರಟದ್ದೆಂದು ಮಿದುಳಿಗೆ ಕೆಲವೊಮ್ಮೆ ತಿಳಿಯುವುದಿಲ್ಲ. ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ಆ ಹಲ್ಲು ಬುಡದಲ್ಲಿ ಪೂರ್ತಿ ಹಾಳಾಗಿತ್ತು. ಕಿತ್ತರು.

ಮುಟ್ಟಳ್ಳಿಗೆ ಬಿಟ್ಟು ಬರಲು ನಾನೂ ಹೊರಟೆ. ಅರ್ಧ ಮುಖ ಮರಗಟ್ಟಿ, ಹತ್ತಿ ಕಚ್ಚಿಕೊಂಡು ಕಿಟಕಿಯ ಪಕ್ಕ ಕೂತಳು ಅತ್ತೆ. ಬಸ್ಸು ಶರಾವತಿ ಸೇತುವೆಗೆ ಬಂದಾಗ ಬಾಯಿಯ ಹತ್ತಿಯನ್ನು ಹೊರಗೆ ತೆಗೆದಳು. "ಈ ನರದ ವಿಷಯ ಅವಳಿಗೆ ಗೊತ್ತಾಗ್ಲೇಬೇಕಾ ತಮಾ?"

"ಕಿವಿ ನೋವು ಹೋಯ್ತಾ?" ಎಂದೆ.

"ಅದೇ ತೊಂದರೆ. ಪೂರ್ತಿ ಹೋಯ್ತು."

೪. ಬೇಲಿಯಾಚೆ

ಅತ್ತೆ ಸೀದಾ ಮನೆಗೆ ಹೋಗಲಿಲ್ಲ. ನೆರೆಮನೆಯಾಕೆ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದಳು. ನಾನು ಬೇಲಿಯ ಹತ್ತಿರ ನಿಂತೆ.

"ಎಂತ ಆತು ಕೆನ್ನೆಗೆ?"

"ಹಲ್ಲು ತೆಗ್ಸಿದೆ."

"ನೋವು ಕಿವಿಗಲ್ವಾ?"

"ಕಿವಿ ನೋವು ಮಾಡಿದ್ದು ಹಲ್ಲಂತೆ. ನೀ ಅಲ್ಲಂತೆ."

"ಅಲ್ಲಂತೆಯಾ?"

ಅತ್ತೆ ಕೆಳಗೆ ನೋಡಿದಳು. "ಅಲ್ಲ."

ಅತ್ತೆಯ ಬಾಯಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಕೈ ತೊಳೆದು ಬಂದಳು. "ಬಾಯಿ ತೆಗಿ, ಕಾಂಬ." ಅತ್ತೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಒಳಗೆ ನೋಡಿದಳು. "ಪಾಪ, ದೊಡ್ಡದೇ ಇತ್ತು," ಎಂದು ಸೆರಗಿನಿಂದ ಅತ್ತೆಯ ತುಟಿ ಒರೆಸಿದಳು. ಆಮೇಲೆ ತಗ್ಗಿದ ಸ್ವರದಲ್ಲಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಅತ್ತೆ, "ಆತು" ಎಂದಳು.

ಮಾವ ಜಗಲಿಯಲ್ಲಿ ಕಾಯುತ್ತಿದ್ದ.

"ಹಾಡಿಗೆ ಬರ್ತಾಳಾ?"

"ಬರ್ತಾಳೆ."

"ಅವಳು ಸುಮ್ನೆ ಒಪ್ಪುವವಳಲ್ಲ. ಎಂತ ಕೊಟ್ಟೆ?"

ಅತ್ತೆ ಕಂಬಕ್ಕೆ ಒರಗಿ ಕೂತು, ಕೆನ್ನೆ ಒತ್ತಿಕೊಂಡಳು. "ಮೊದಲ ಸೊಲ್ಲು. ಇನ್ನು ಮೇಲೆ ಎತ್ತುದು ಅವಳು. ನಾನು ಹಿಡಿಯುದು."

ಮಾವ ಅವಳ ಮುಖವನ್ನೇ ನೋಡಿದ.

"ಬಾಯಲ್ಲಿ ಅಷ್ಟು ಹಲ್ಲು ಉಳಿದಿತ್ತಲ್ಲೇ," ಎಂದ. "ಅದ್ರಲ್ಲಿ ಇನ್ನೆರಡು ಕೊಟ್ಟು ಮುಗಿಸುಕೆ ಆಗ್ಲಿಲ್ವಾ?"