ಅತ್ತೆಗೆ ಹಿಡಿಸಬಾರದ ಊರು

"ಊರು ಹಿಡಿಸಿದ್ರೆ ಅಮ್ಮ ಇನ್ಮೇಲೆ ನಮ್ಮ ಜೊತೇಲೇ ಇದ್ದುಬಿಡ್ತಾಳಂತೆ ಕಣ್ರೀ," ಎಂದು ಹೆಂಡತಿ ಒಫೇಲಿಯಾ ಹೇಳಿದ್ದೇ ತಡ, ಕಾಫಿ ಇಲಾರಿಯೋನ ನೆತ್ತಿಗೇರಿತು. ಇರುವುದು ಎರಡು ಕೋಣೆ. ಮಹಾನಗರ ಗ್ವಾದಲಹಾರಾದಿಂದ ಬಂದ ಅತ್ತೆ ಕ್ಲೋತಿಲ್ದೆ ವಾರದೊಳಗೇ ಅವನ ಮೀಸೆ, ಗೊರಕೆ, ರೊಟ್ಟಿ ಮಡಚುವ ರೀತಿ ಎಲ್ಲಕ್ಕೂ ತಿದ್ದುಪಡಿ ತಂದಿದ್ದರು.

ಊರು ಹಿಡಿಸಕೂಡದು, ಅಷ್ಟೇ. ಭಾನುವಾರ ಸಂಜೆ ಅವನೇ ಮುಂದಾಗಿ ಅತ್ತೆಯನ್ನು ತನ್ನೂರು ಕೊಲೀಮಾದ ಚೌಕಕ್ಕೆ ಹೊರಡಿಸಿದ.

"ರಾಜ್ಯದ ರಾಜಧಾನಿ ಅನ್ನೋದು ಹೆಸರಿಗಷ್ಟೇ ಅತ್ತೆ. ಒಂದು ಚರ್ಚು, ನಾಲ್ಕು ಬೆಂಚು. ಮುಗೀತು."

"ಕಾಣ್ತಿದೆಯಲ್ಲ," ಅತ್ತೆ ಬೀಸಣಿಗೆ ಆಡಿಸಿದರು. "ನಮ್ಮೂರಲ್ಲಿ ಇಷ್ಟು ಜಾಗದಲ್ಲಿ ಬಸ್ಸು ನಿಲ್ಲಿಸ್ತಾರೆ."

ಇಲಾರಿಯೋಗೆ ಖುಷಿಯಾಗಬೇಕಿತ್ತು. ಆದರೆ ಎದೆಯಲ್ಲೆಲ್ಲೋ ಚುರ್ ಎಂದಿತು.

ಹೆಗಲಿಗೆ ಸೋರೆಬುರುಡೆ ನೇತುಹಾಕಿಕೊಂಡ ತೂಬಾ ಪಾನಕ ಮಾರುವ ಮಕಾರಿಯೋ ಅಡ್ಡ ಬಂದ. "ಏನಯ್ಯಾ, ಅತ್ತೆಯವ್ರನ್ನ ಒಣಗಂಟಲಲ್ಲಿ ಸುತ್ತಿಸ್ತಿದೀಯಾ? ಮಾನ ಮರ್ಯಾದೆ ಇಲ್ವಾ?" ಎಂದವನೇ ತೆಂಗಿನ ಮರದ ಸಿಹಿರಸಕ್ಕೆ ಕಡಲೇಬೀಜ ಉದುರಿಸಿ ಕೊಟ್ಟ.

ಅತ್ತೆ ಒಂದು ಗುಟುಕು ಹೀರಿ, "ಸಕ್ಕರೆ ನೀರು," ಎಂದರು.

"ಸಕ್ಕರೆ ನೀರಾ!" ಇಲಾರಿಯೋ ಕಿರುಚಿದ. "ಮರ ಹತ್ತಿ ಇಳಿಸಿದ್ದು ಅತ್ತೆ ಅದು! ಅಲ್ಲಿ ನೋಡಿ, ಅದೂ ಸಕ್ಕರೆ ನೀರೇನು?"

ಮೋಡ ಸರಿದಿತ್ತು. ಬೀದಿಯ ತುದಿಗೆ ಯಾರೋ ಹೊತ್ತು ತಂದು ಕೂರಿಸಿದ ಹಾಗೆ ಬೆಂಕಿಪರ್ವತ, ಊಟ ಮುಗಿಸಿ ಜಗಲಿಗೆ ಬಂದ ಅಜ್ಜನಂತೆ ಒಂದೆಳೆ ಹೊಗೆ ಬಿಡುತ್ತಿತ್ತು. ಅದೇ ಹೊತ್ತಿಗೆ ಕಬ್ಬಿಣದ ಮಂಟಪದಲ್ಲಿ ಬ್ಯಾಂಡು ಶುರುವಾಯಿತು. ಮುದುಕ ಮುದುಕಿಯರು ಕೈ ಹಿಡಿದು ಕುಣಿಯಲೆದ್ದರು. ಆಕಾಶದ ತುಂಬ ಕರಿಹಕ್ಕಿಗಳು ಬಂದು, ಕಪ್ಪು ಶಾಲು ಹೊದಿಸಿದಂತೆ ಮರಗಳ ಮೇಲೆ ಇಳಿದವು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಇಲಾರಿಯೋನ ತೆರೆದ ಬಾಯಿ ಮುಚ್ಚಲಿಲ್ಲ.

"ಯಾವುದಕ್ಕೂ ಕಾಸಿಲ್ಲ ಅತ್ತೆ! ನೆರಳಿಗಿಲ್ಲ, ಹಾಡಿಗಿಲ್ಲ, ಆ ಪರ್ವತಕ್ಕೂ ಇಲ್ಲ! ಇಂಥ ಊರು ಇರ್ತಾ ಗ್ವಾದಲಹಾರಾದಲ್ಲಿ ಇರೋರಿಗೆ ತಲೆ ನೆಟ್ಟಗಿದೆಯಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅತ್ತೆಯ ಬೀಸಣಿಗೆ ನಿಂತಿತ್ತು. ಬಹಳ ಹೊತ್ತು ಪರ್ವತವನ್ನೇ ನೋಡಿ, ಕೈಚೀಲದಿಂದ ಒಂದು ಚೀಟಿ ತೆಗೆದರು.

"ನಿಜ ಹೇಳ್ಲಾ ಅಳಿಯಂದ್ರೇ? ನಂಗೆ ಈ ಊರು ಸಾಕಾಗಿಹೋಗಿತ್ತು. ನಾಳೆ ಬಸ್ಸಿಗೆ ಟಿಕೆಟ್ಟೂ ತೆಗ್ದಿದ್ದೆ. ನೀವು ಇಷ್ಟು ಮನಸ್ಸಿಟ್ಟು ಹೇಳದೇ ಇದ್ದಿದ್ರೆ ಹೊರಟೇಬಿಡ್ತಿದ್ದೆ ನೋಡಿ."

ಪರ್ರನೆ ಹರಿದರು.

"ಒಫೇಲಿಯಾಗೆ ಫೋನ್ ಮಾಡಿ. ನನ್ನ ಪಿಯಾನೋ ಯಾವ ಕೋಣೇಲಿ ಇಡೋದು ಅಂತ ಈಗ್ಲೇ ನೋಡ್ಲಿ."