ಪಾಂಡವರ ಮುಂದಿಟ್ಟ ಪೆಕಾನ್

ತಿನ್ನದೇ ಇರುವ ಪದಾರ್ಥದ ರುಚಿಯನ್ನು ವರ್ಣಿಸುವುದರಲ್ಲಿ ನನ್ನನ್ನು ಮೀರಿಸುವವರು ಅಫಜಲಪುರ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಏಳು ವರ್ಷಗಳ ಹಿಂದೆ ಗೊಬ್ಬೂರಿನ ನಮ್ಮ ತೊಗರಿ ಹೊಲದಲ್ಲಿ, ಬಾವಿಯ ಪಕ್ಕ ಎರಡು ಪೆಕಾನ್ ಸಸಿ ನೆಟ್ಟಾಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೆ: "ಅಖ್ರೋಟಿನ ತಮ್ಮ ಇದ್ದಂಗ್ರಿ ಇದು. ಬಾಯಾಗ ಇಟ್ರ ಬೆಣ್ಣಿ ಕರಗಿದಂಗ ಕರಗ್ತದ!" ನಿಜ ಹೇಳಬೇಕೆಂದರೆ, ಪೆಕಾನನ್ನು ನಾನು ಕಂಡದ್ದು ಮೊಬೈಲಿನಲ್ಲಿ ಮಾತ್ರ. ಹವಳಗಾದ ಫ್ಯಾಕ್ಟರಿಗೆ ಕಬ್ಬು ಒಯ್ಯುವವರು ಟ್ರ್ಯಾಕ್ಟರ್ ನಿಲ್ಲಿಸಿ, ಬೇವಿನಂಥ ಎಲೆ ನೋಡಿ, "ಗೌಡ್ರ, ಬೇವಿನ ಗಿಡಕ್ಕ ಎಷ್ಟ್ ನೀರ್ ಉಣಸ್ತೀರಿ?" ಎಂದು ಕೇಳಿ ನಗುತ್ತಿದ್ದರು. ನನ್ನ ಹೆಂಡತಿ ಮಹಾದೇವಿಯದು ಬೇರೆ ರಾಗ. "ಆ ಜಾಗಾದಾಗ ನಾಕ ಬದನಿ ಗಿಡ ಹಚ್ಚಿದ್ರ ಏಳ ವರ್ಷ ಎಣ್ಣಿಗಾಯಿ ತಿಂತಿದ್ದೆವು."

ಈ ವರ್ಷ ಕಾಯಿ ಬಿಟ್ಟಿತು ನೋಡಿ! ಹನ್ನೊಂದು! ಹಸಿರು ಸಿಪ್ಪೆ ನಾಲ್ಕು ಹೋಳಾಗಿ ಬಿರಿದು ಒಳಗಿನ ಕಂದು ಕಾಯಿ ಇಣುಕಿದ ದಿನ ನಾನು ಹಾಕಿದ ಕೂಗಿಗೆ, ಹಾವು ಬಂತೆಂದು ಮಹಾದೇವಿ ಬಡಿಗೆ ಹಿಡಿದು ಓಡಿ ಬಂದಳು. ಎಳ್ಳಮವಾಸ್ಯೆಗೆ ಹೇಗೂ ಬಂಧುಬಳಗವೆಲ್ಲ ಹೊಲಕ್ಕೆ ಊಟಕ್ಕೆ ಬರುತ್ತದೆ, ಅವತ್ತೇ ಎಲ್ಲರ ಮುಂದೆ ಒಡೆದು ತಿನ್ನಿಸಿ ಏಳು ವರ್ಷದ ನಗೆಗೆಲ್ಲ ಉತ್ತರ ಕೊಡಬೇಕೆಂದು ನಿಶ್ಚಯಿಸಿದೆ. ಅಲ್ಲಿಯವರೆಗೆ ಒಂದನ್ನೂ ಮುಟ್ಟಲಿಲ್ಲ.

ಅಮವಾಸ್ಯೆಯ ದಿನ ಉಮೇದಿನಲ್ಲಿ ಒಂದು ಎಡವಟ್ಟು ಮಾಡಿದೆ. ಬನ್ನಿ ಗಿಡದ ಕೆಳಗೆ ಪಾಂಡವರೆಂದು ಇಟ್ಟು ಪೂಜಿಸಿದ ಐದು ಕಲ್ಲುಗಳ ಮುಂದೆ, ಎಲ್ಲರಿಗೂ ಕಾಣಲಿ ಎಂದು, ಹನ್ನೊಂದೂ ಕಾಯಿಗಳನ್ನು ಸಾಲಾಗಿ ಇಟ್ಟುಬಿಟ್ಟೆ. ಆಮೇಲೆ ಗಂಡಸರನ್ನು ಕರೆದುಕೊಂಡು ಗಿಡ ತೋರಿಸಲು ಹೋದೆ. ತಿರುಗಿ ಬಂದರೆ ಕಾಯಿಗಳಿಲ್ಲ!

"ಚರಗಾ ಚೆಲ್ಲಿ ಬಂದ್ನೆಪಾ," ಎಂದಳು ಜೇವರ್ಗಿಯಿಂದ ಬಂದ ನಮ್ಮ ಸೋದರತ್ತೆ, ಖಾಲಿ ಬುಟ್ಟಿ ಕೆಳಗಿಡುತ್ತ. ಪೂಜೆಗೆ ಇಟ್ಟ ಕಡುಬು, ಭಜ್ಜಿ, ರೊಟ್ಟಿಯ ಜೊತೆಗೆ ನನ್ನ ಪೆಕಾನನ್ನೂ ಹೊಲದ ತುಂಬ ಎರಚಿದ್ದಳು!

"ಅತ್ತಿ, ಅವು ತಿನ್ನೋವು!"

"ಹೊಸ ಫಲ ಮೊದಲ ಭೂಮಿತಾಯಿ ತಿನ್ನಬೇಕೋ, ನೀ ತಿನ್ನಬೇಕೋ?"

ಇಪ್ಪತ್ತು ಜನ ಹೊಸ ಸೀರೆ, ಇಸ್ತ್ರಿ ಅಂಗಿಯಲ್ಲೇ ತೊಗರಿ ಸಾಲುಗಳ ನಡುವೆ ಮೊಣಕಾಲೂರಿ ಹುಡುಕಿದರು. ನಮ್ಮದು ಎರೆ ಹೊಲ, ಕೈ ಇಳಿಯುವಂಥ ಬಿರುಕುಗಳು. ಹತ್ತು ಕಾಯಿಗಳನ್ನು ಭೂಮಿತಾಯಿ ನಿಜವಾಗಿಯೂ ನುಂಗಿದ್ದಳು. ಹನ್ನೊಂದನೆಯದನ್ನು ಎತ್ತಿ ಹಿಡಿದು "ಸಿಕ್ತ್ರೀ!" ಎಂದು ಕುಣಿದವಳು ಮಹಾದೇವಿ!

ಕಲ್ಲಿನಿಂದ ಒಡೆದೆ. ಮನೆಯ ಯಜಮಾನ ನಾನು, ಮೊದಲು ಬಾಯಿಗೆ ಹಾಕಿಕೊಳ್ಳುವುದು ಹೇಗೆ? ಹಿರಿಯರಿಂದ ಶುರುಮಾಡಿ ಉಗುರಿನ ತುದಿಯಷ್ಟು ಪ್ರಸಾದದಂತೆ ಹಂಚಿದೆ. ಕೊನೆಯ ಚೂರು ಮಹಾದೇವಿಯ ಅಂಗೈಗೆ ಹೋಯಿತು. ನನ್ನ ಪಾಲಿಗೆ ಉಳಿದದ್ದು ಚಿಪ್ಪು.

"ಹ್ಯಾಂಗದ? ಬೆಣ್ಣಿ ಹಂಗ ಅದ ಇಲ್ಲೋ?" ಎಂದೆ.

ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. "ಬೆಣ್ಣಿ ಅಲ್ರಿ. ಏಳ ವರ್ಷ ಮಂದಿಗಿ ತಪ್ಪ ಹೇಳೀರಿ."

ಈಗ ಮನೆಗೆ ಬಂದವರಿಗೆ ಪೆಕಾನಿನ ರುಚಿ ವರ್ಣಿಸುವ ಕೆಲಸ ಅವಳದು. ನಾನೂ ಬಂದವರ ಪಕ್ಕದಲ್ಲೇ ಕೂತು, ಬಾಯಿ ತೆರೆದುಕೊಂಡು ಕೇಳುತ್ತೇನೆ.