ಪೊರ್ಬುಗಳ ಕಂಪ್ಯೂಟರ್ ನಿಂತುಹೋದ ಕಾರಣಗಳು

ಯಂತ್ರ ಸುಮ್ಮನೆ ನಿಲ್ಲುವುದಿಲ್ಲ, ಕಾರಣ ಇದ್ದೇ ಇರುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ನನಗೆ ಕಲಿಸಿದ್ದರು. ಆ ಕಾರಣ ಎಷ್ಟೋ ಸಲ ಯಂತ್ರದ ಹೊರಗೆ, ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿರುತ್ತದೆ ಎಂದು ಕಲಿಸಿರಲಿಲ್ಲ. ಅದನ್ನು ನಾನು ವಾಮಂಜೂರಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಕಲಿತೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಫಿಸಿಕ್ಸ್ ಮುಗಿಸಿ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಬೇಸಿಗೆ ರಜೆ. ಪಕ್ಕದ ಮನೆಯ ಯಜಮಾನರು ಹಂಚಿನ ಕಾರ್ಖಾನೆಯ ಆಫೀಸಿನಿಂದ ನಿವೃತ್ತರಾದವರು. ತುಳು ಮಾತಾಡುವ ನಾವು ಕ್ರಿಶ್ಚಿಯನ್ ಯಜಮಾನರನ್ನು ಪೊರ್ಬುಗಳು ಎನ್ನುತ್ತೇವೆ, ಮನೆಯಾಕೆಯನ್ನು ಬಾಯಿ ಎನ್ನುತ್ತೇವೆ. ಪೊರ್ಬುಗಳ ವಯಸ್ಸಾದ ತಾಯಿಯನ್ನು ಊರೆಲ್ಲ ಕರೆಯುವುದು ಮಾಂಯ್ ಎಂದು. ಮಾಂಯ್‌ಗೆ ಉಬ್ಬಸದ ತೊಂದರೆ ಇತ್ತು.

ಪೊರ್ಬುಗಳ ತಮ್ಮ ಬಹ್ರೈನಿನಲ್ಲಿ ಒಂದು ಕಂಪೆನಿಯ ಮೆಸ್ಸಿನಲ್ಲಿ ಅಡುಗೆಯವನು. ಅಲ್ಲಿಯ ಸಾಹೇಬರೊಬ್ಬರು ಬಿಟ್ಟುಹೋದ ಹಳೆಯ ಹೋಂ ಕಂಪ್ಯೂಟರನ್ನು, ತಾನು ಒಮ್ಮೆಯೂ ಹಚ್ಚಿ ನೋಡದೆ, ಅಣ್ಣನಿಗೆ ಕಳಿಸಿದ್ದ. ಕೀಬೋರ್ಡಿನ ಒಳಗೇ ಕಂಪ್ಯೂಟರ್. ಮನೆಯ ಟಿ.ವಿ.ಯೇ ಅದರ ಪರದೆ. ಬರೆದದ್ದನ್ನು ಉಳಿಸಬೇಕಾದರೆ ಟೇಪ್ ರೆಕಾರ್ಡರಿಗೆ ವೈರು ಕೊಟ್ಟು ಕ್ಯಾಸೆಟ್ಟಿಗೆ ತುಂಬಿಸಬೇಕು. ಆಗ ಅಕ್ಷರಗಳೆಲ್ಲ ಚೀಂ, ಕರ್ರ್ ಎಂಬ ಶಬ್ದವಾಗಿ ಟೇಪಿನ ಮೇಲೆ ಕೂರುತ್ತವೆ. ಸ್ವಿಚ್ ಆರಿದರೆ ಕಂಪ್ಯೂಟರಿಗೆ ಏನೂ ನೆನಪಿರುವುದಿಲ್ಲ.

ಆ ಶಬ್ದವನ್ನು ಮೊದಲ ಸಲ ಕೇಳಿದಾಗ ಮಾಂಯ್ ನನ್ನನ್ನು ಕರೆದು ಕೇಳಿದ್ದರು: "ಪುತಾ, ಇದಕ್ಕೂ ನನ್ನ ಹಾಗೆ ಉಬ್ಬಸ ಉಂಟಾ?" ಪುತಾ ಎಂದರೆ ಮಗನೇ ಎಂದರ್ಥ.

ಮೇ ಕೊನೆಗೆ ಪೊರ್ಬುಗಳ ಮಗಳ ಮದುವೆ. ಕರೆಯಬೇಕಾದವರ ಪಟ್ಟಿ ಅವರ ಅಪ್ಪನ ಕಾಲದ ಒಂದು ಡೈರಿಯಲ್ಲಿತ್ತು. ಆರುನೂರು ಮನೆ. ಡೈರಿಗೆ ಗೆದ್ದಲು ಹಿಡಿದಿತ್ತು. ಹಾಗಾಗಿ ಪೊರ್ಬುಗಳು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಲು ಹೊರಟರು.

"ಒಂದು ಮನೆ ಬಿಟ್ಟುಹೋದರೆ ಎಂತ ಆಗ್ತದೆ ಗೊತ್ತುಂಟಾ?" ಎಂದರು. "ನನ್ನ ಅಜ್ಜ ಒಬ್ಬರನ್ನು ಕರೆಯಲು ಮರೆತಿದ್ದರು. ಅವರ ಮೊಮ್ಮಗ ಇವತ್ತಿಗೂ ನನ್ನನ್ನು ಕಂಡರೆ ಬಸ್ಸಿನಿಂದ ಇಳಿದುಹೋಗ್ತಾನೆ."

೧. ಹನ್ನೊಂದು ಹತ್ತು

ಪೊರ್ಬುಗಳು ಬೆಳಿಗ್ಗೆ ಹತ್ತೂವರೆಗೆ ಟೈಪು ಮಾಡಲು ಕೂರುತ್ತಿದ್ದರು. ಹನ್ನೊಂದು ಹತ್ತರ ಸುಮಾರಿಗೆ ಪರದೆಯ ತುಂಬ ಪಟ್ಟೆ ಪಟ್ಟೆ ಬಂದು ಕಂಪ್ಯೂಟರ್ ನಿಲ್ಲುತ್ತಿತ್ತು. ಅಷ್ಟು ಹೊತ್ತು ಹೊಡೆದ ಹೆಸರುಗಳು ಹೋಗುತ್ತಿದ್ದವು. ಕಂಪೌಂಡಿನ ಆಚೆಯಿಂದ ಕೂಗು ಬರುತ್ತಿತ್ತು.

"ಸೈಂಟಿಸ್ಟ್! ನಿಂತಿತು ಮಾರಾಯ!"

"ಎಷ್ಟು ಗಂಟೆಗೆ?"

"ಈಗ!"

"ಈಗ ಅಂದರೆ ಎಷ್ಟು?"

"ನೀನು ರಿಪೇರಿಗೆ ಬರುವುದಾ, ಗಂಟೆ ಕೇಳಲಿಕ್ಕೆ ಬರುವುದಾ?"

ನಾನು ಒಂದು ನೋಟ್‌ಬುಕ್ ಇಟ್ಟೆ. ಗಂಟೆ, ವೋಲ್ಟೇಜು, ಆ ಹೊತ್ತಿಗೆ ಮನೆಯಲ್ಲಿ ಏನೇನು ಓಡುತ್ತಿತ್ತು ಎಂದು ಮೂರು ಸಾಲು. ಮೊದಲ ಸಂಶಯ ಬಾಯಿಯ ಮಸಾಲೆ ಅರೆಯುವ ಮಿಕ್ಸಿಯ ಮೇಲೆ. ಬಾಯಿ ಒಂಬತ್ತಕ್ಕೇ ಅರೆದರು. ಕಂಪ್ಯೂಟರ್ ಹನ್ನೊಂದು ಹತ್ತಕ್ಕೆ ನಿಂತಿತು. ಫ್ರಿಜ್ ಆರಿಸಿದೆವು. ನಿಂತಿತು. ಪೇಟೆಯ ಹಂಪನಕಟ್ಟೆಗೆ ಬಸ್ಸಿನಲ್ಲಿ ಹೋಗಿ ಸ್ಟೆಬಿಲೈಸರ್ ತಂದೆ. ಆಗಲೂ ನಿಂತಿತು.

ಐದನೇ ದಿನ ಟಿ.ವಿ.ಯ ಹಿಂದೆ ಕೈ ಹಾಕಿ, ವೈರು ಹಿಡಿದು, ಕರೆಂಟು ಇಳಿಸಿ ಕೊಡುವ ಅಡಾಪ್ಟರ್ ಪೆಟ್ಟಿಗೆಯವರೆಗೂ ಹೋದೆ. ಪೆಟ್ಟಿಗೆ ಮೆತ್ತಗಿತ್ತು. ಬಿಸಿಯಾಗಿಯೂ ಇತ್ತು. ಹೊರಗೆ ಎಳೆದೆ. ಅದು ನೀಲಿ ಉಲ್ಲನ್ ಸ್ವೆಟರ್ ಹಾಕಿಕೊಂಡಿತ್ತು. ಎದೆಗೆ ಎರಡು ಗುಂಡಿ.

"ಬಾಯಿ, ಇದು ಎಂತ?"

"ಟಿ.ವಿ.ಗೆ ಕವರ್ ಉಂಟು, ರೇಡಿಯೋಕ್ಕೆ ಉಂಟು, ಮಿಕ್ಸಿಗೆ ಉಂಟು. ಇದೊಂದು ಪಾಪ ಹಿಂದೆ ಬರೀ ಮೈಯಲ್ಲಿ ಬಿದ್ದಿತ್ತು ಪುತಾ. ನಾನೇ ಹೆಣೆದೆ."

ಒಳಗಿನ ಬಿಸಿ ಹೊರಗೆ ಹೋಗದಿದ್ದರೆ ಕಂಪ್ಯೂಟರ್ ನಿಲ್ಲುತ್ತದೆ ಎಂದು ವಿವರಿಸಿದೆ. ಸ್ವೆಟರ್ ಬಿಚ್ಚಿದ ದಿನ ಅದು ಮಧ್ಯಾಹ್ನದ ಊಟದವರೆಗೂ ಓಡಿತು. ಬಾಯಿ ಸ್ವೆಟರನ್ನು ಮಡಚಿ ಕಪಾಟಿನಲ್ಲಿಟ್ಟರು. ಮತ್ತೆ ಮೆಲ್ಲನೆ ಕೇಳಿದರು:

"ಮಳೆಗಾಲದಲ್ಲಿ ಹಾಕಬಹುದಲ್ಲ?"

೨. ಆಶೀರ್ವಾದ

ಮುನ್ನೂರು ಹೆಸರು ದಾಟಿದ ಮೇಲೆ ಬಾಯಿಗೆ ಬೇರೆ ಹೆದರಿಕೆ ಹುಟ್ಟಿತು. "ಸ್ಕೂಟರಿಗೆ ಆಶೀರ್ವಾದ ಮಾಡಿಸಿದ್ದೇವೆ, ಬಾವಿಗೆ ಮಾಡಿಸಿದ್ದೇವೆ, ಇದಕ್ಕೆ ಮಾಡಿಸಲಿಲ್ಲ. ಮತ್ತೆ ನಿಲ್ಲದೆ ಎಂತ ಮಾಡ್ತದೆ?"

ಇಗರ್ಜಿಯ ಫಾದರ್ ಬಂದರು. ದೊಡ್ಡ ಮನಸ್ಸಿನವರು. ಪ್ರಾರ್ಥನೆ ಓದಿದರು, ಪವಿತ್ರ ಜಲ ಚಿಮುಕಿಸಿದರು. ಸ್ಕೂಟರಿಗೆ ಎಷ್ಟೋ ಅಷ್ಟೇ ಚಿಮುಕಿಸಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಆಮೆನ್ ಆಗಿತ್ತು.

ಫಾದರ್ ಕೇಕು ತಿನ್ನುವಾಗ ಪೊರ್ಬುಗಳು ಹುರುಪಿನಿಂದ ಟೈಪು ಮಾಡಲು ಕುಳಿತರು. ಎಲ್ಲ ಕೀಲಿಗಳೂ ಕೆಲಸ ಮಾಡಿದವು, ಇಂಗ್ಲಿಷಿನ ಡಿ ಒಂದನ್ನು ಬಿಟ್ಟು. ಡಿ ಒತ್ತಿದರೆ ಕಂಪ್ಯೂಟರ್ ಗಕ್ಕನೆ ನಿಲ್ಲುತ್ತಿತ್ತು.

ಪೊರ್ಬುಗಳು ಬೆವರಿದರು. ಪಟ್ಟಿಯಲ್ಲಿ ಅರ್ಧ ಡಿಸೋಜಗಳು. ಉಳಿದ ಅರ್ಧದಲ್ಲಿ ಡಿಸಿಲ್ವ, ಡಿಮೆಲ್ಲೊ, ಡಿಕುನ್ಹಾ.

"ಡಿ ಇಲ್ಲದೆ ನಡೆಯುವುದಿಲ್ಲವಾ?" ಎಂದು ಫಾದರ್ ಕೇಳಿದರು.

"ನಡೆಯಬಹುದು ಫಾದರ್," ಎಂದರು ಪೊರ್ಬುಗಳು. "ಆದರೆ ಮದುವೆ ಮಾಡಿಸುವ ತಾವೂ ಪಟ್ಟಿಯಲ್ಲಿ ಇರುವುದಿಲ್ಲ."

ಫಾದರ್ ಕೇಕಿನ ತಟ್ಟೆ ಕೆಳಗಿಟ್ಟು, ತಾವೇ ಕರವಸ್ತ್ರ ತೆಗೆದು ಕೀಬೋರ್ಡ್ ಒರೆಸಿದರು. ನಾನು ಲ್ಯಾಬಿನಿಂದ ಸ್ಪಿರಿಟ್ ತಂದು ಒಳಗೆಲ್ಲ ತೊಳೆದೆ, ಎರಡು ದಿನ ಒಣಗಿಸಿದೆ. ಡಿ ಬಂತು. ಬಾಯಿಯ ಲೆಕ್ಕದಲ್ಲಿ ಅದನ್ನು ಬರಿಸಿದ್ದು ಆಶೀರ್ವಾದ.

೩. ನನ್ನ ಮೊಣಕೈ

ಏಪ್ರಿಲ್ ಕೊನೆಯಲ್ಲಿ ಪಟ್ಟಿ ಮುಗಿಯಿತು. ನಾನು ನಿಯಮದಂತೆ ಎರಡು ಕ್ಯಾಸೆಟ್ಟಿನಲ್ಲಿ, ಎರಡೂ ಬದಿ ತುಂಬಿಸಿದೆ. ನಾಲ್ಕು ಪ್ರತಿ. ಒಂದರ ಮೇಲೆ 'ಒಂದು', ಇನ್ನೊಂದರ ಮೇಲೆ 'ಎರಡು' ಎಂದು ಬರೆದೆ. 'ಒಂದು' ಟೇಪ್ ರೆಕಾರ್ಡರಿನ ಪಕ್ಕ ಇತ್ತು. 'ಎರಡನ್ನು' ಪೊರ್ಬುಗಳು ಮನೆಯ ಅಲ್ತಾರಿನ ಮೇಲೆ, ಯೇಸುವಿನ ಚಿತ್ರದ ಕೆಳಗಿಟ್ಟರು. "ಇದಕ್ಕಿಂತ ಭದ್ರ ಜಾಗ ಮನೆಯಲ್ಲಿ ಇಲ್ಲ," ಎಂದರು. ಅದೇ ಸಂಭ್ರಮದಲ್ಲಿ ಗೆದ್ದಲಿನ ಡೈರಿಯನ್ನು ಬಚ್ಚಲ ಒಲೆಗೆ ಹಾಕಿದರು. ನನ್ನನ್ನು ಕೇಳಲಿಲ್ಲ.

ಸೋಮವಾರ ಪಟ್ಟಿಯನ್ನು ಕೊನೆಯ ಸಲ ನೋಡುತ್ತಿದ್ದೆವು. ಮದುವೆಯ ಕಾಗದ ಹಂಚಲು ಹೊರಡಬೇಕಾದ ಭಾನುವಾರಕ್ಕೆ ಇನ್ನು ಎರಡೇ ವಾರ. ಟಿ.ವಿ. ಚಿತ್ರ ನಡುಗುತ್ತಿತ್ತು. ಆಂಟೆನಾದ ವೈರು ಸರಿಮಾಡಲು ಬಗ್ಗಿದೆ. ಪರದೆ ಖಾಲಿಯಾಯಿತು. ಕರೆಂಟಿನ ಪಿನ್ನು ಸಡಿಲವಿತ್ತು, ನನ್ನ ಮೊಣಕೈ ತಾಗಿತ್ತು. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ.

"ತೊಂದರೆ ಇಲ್ಲ," ಎಂದೆ. "ನಾಲ್ಕು ಪ್ರತಿ ಉಂಟು."

'ಒಂದು' ರೆಕಾರ್ಡರಿನ ಪಕ್ಕ ಇರಲಿಲ್ಲ, ಅಲ್ತಾರಿನ ಮೇಲೆ ಸಿಕ್ಕಿತು. ತಂದು ಹಾಕಿದೆ. ಕಂಪ್ಯೂಟರ್ ಏನನ್ನೂ ಓದಲಿಲ್ಲ. ವೈರು ತೆಗೆದು ಟೇಪಿನ ಶಬ್ದ ಕೇಳಿದೆ. ಚೀಂ ಇಲ್ಲ, ಕರ್ರ್ ಇಲ್ಲ. ಮಾಂಯ್‌ನ ಸ್ವರ: "ಪುತಾ, ಹೇಗಿದ್ದೀ? ಇಲ್ಲಿ ಸೆಕೆ..."

ಗಲ್ಫಿನಲ್ಲಿದ್ದವರಿಗೆ ಆಗ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದಿತ್ತು. ಅಲ್ಲಿಗೆ ಹೋಗುವವರು ಯಾರಾದರೂ ಒಯ್ಯುತ್ತಿದ್ದರು. ಅವರು ಕೇಳಿ, ಅದರ ಮೇಲೆಯೇ ಉತ್ತರ ಮಾತಾಡಿ ಹಿಂದೆ ಕಳಿಸುತ್ತಿದ್ದರು.

"ಮಾಂಯ್, ಇದರ ಮೇಲೆ ಮಾತಾಡಿದಿರಾ?"

"ಮೊದಲು ಹಾಕಿ ಕೇಳಿದೆ ಪುತಾ. ಅದರಲ್ಲಿ ಯಾರೂ ಇರಲಿಲ್ಲ, ಬರೀ ಕರಕರ. ಹಾಳಾದ ಕ್ಯಾಸೆಟ್ ಅಂತ ಮಾತಾಡಿ ಅಲ್ತಾರಿನಲ್ಲಿಟ್ಟೆ. ನಿನ್ನೆ ಇಗರ್ಜಿಯ ಪೂಜೆ ಮುಗಿದ ಮೇಲೆ ಬಹ್ರೈನಿಗೆ ಹೋಗುವವ ಬಂದ. ಇವಳು ಕೊಟ್ಟಳಲ್ಲ."

ಬಾಯಿ ಅಲ್ತಾರಿನತ್ತ ಓಡಿದರು. ಅಲ್ತಾರಿನ ಮೇಲಿದ್ದ ಎರಡು ಕ್ಯಾಸೆಟ್ಟಿನಲ್ಲಿ ಅವರು ಕೊಟ್ಟದ್ದು 'ಎರಡು'. ಮಾಂಯ್‌ನ ಮಾತು ನಮ್ಮ ಕೈಯಲ್ಲಿತ್ತು. ಪಟ್ಟಿ ಬಜಪೆಯಿಂದ ವಿಮಾನ ಹತ್ತಿ ಹೋಗಿತ್ತು.

ನನಗೆ ಒಂದೇ ಆಸೆ ಉಳಿದಿತ್ತು. "ಮಾಂಯ್, ನೀವು ಮಾತಾಡಿದ್ದು ಒಂದೇ ಬದಿಯಲ್ಲಿ ಅಲ್ವಾ?"

"ಒಂದು ಬದಿ ಎಲ್ಲಿ ಸಾಕಾಗ್ತದೆ? ಅದರಲ್ಲಿ ಹಲಸಿನ ಮರದ ವಿಷಯ ಮಾತ್ರ ಹಿಡಿಯಿತು."

೪. ಮೂರು ನಿಮಿಷ

ಫೋನು ಇದ್ದದ್ದು ಫಾದರ್ ಬಂಗ್ಲೆಯಲ್ಲಿ. ಬಹ್ರೈನಿಗೆ ಕಾಲ್ ಬುಕ್ ಮಾಡಿದೆವು. ಪೊರ್ಬುಗಳ ತಮ್ಮನೆಂದರೆ ಉತ್ತರಕ್ಕೆ ಎರಡು ತಿಂಗಳು ತೆಗೆದುಕೊಳ್ಳುವ ಮನುಷ್ಯ, ಅಷ್ಟರೊಳಗೆ ಹೇಳಿದರೆ ಸಾಕು ಎಂದು ಧೈರ್ಯ ತಂದುಕೊಂಡೆವು. ಲೈನು ಸಿಕ್ಕಿದ್ದು ಶುಕ್ರವಾರ. ಮೂರು ನಿಮಿಷದಲ್ಲಿ ಎರಡೂವರೆ ನಿಮಿಷ ಪೊರ್ಬುಗಳು "ಹಲೋ" ಎಂದು ಕೂಗಿದರು. ಮತ್ತೆ ಸ್ವರ ಸ್ವಚ್ಛವಾಗಿ ಬಂತು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಕ್ಯಾಸೆಟ್ ಸಿಕ್ಕಿತಾ?"

"ಸಿಕ್ಕಿತು ಅಣ್ಣಾ. ಕೇಳಿದೆ." ಅವನು ಅಳುತ್ತಿದ್ದ.

"ಅದರ ಮೇಲೆ ಎಂತದ್ದೂ ಮಾತಾಡಬೇಡ!"

"ಮಾತಾಡದೆ ಹೇಗಿರುವುದು? ಆಗಲೇ ಮಾತಾಡಿ ಕಳಿಸಿ ಆಯಿತು. ಮುಂದಿನ ಶನಿವಾರ ಬಜಪೆಗೆ ಬರುವವನ ಕೈಯಲ್ಲಿ..."

ಲೈನು ಕಡಿಯಿತು. ಪೊರ್ಬುಗಳು ರಿಸೀವರನ್ನು ನೋಡುತ್ತಾ ನಿಂತರು.

"ಎರಡು ತಿಂಗಳಿನವನು ಮೂರು ದಿನದಲ್ಲಿ ಉತ್ತರ ಕೊಟ್ಟನಾ?" ಎಂದರು. "ಅದಿರಲಿ. ಪಟ್ಟಿ ಹೋದದ್ದು ನನ್ನದು. ಇವನು ಯಾಕೆ ಅಳುವುದು?"

೫. ಎರಡನೇ ಬದಿ

ಎಂಟು ದಿನ ಪೊರ್ಬುಗಳೂ ಬಾಯಿಯೂ ನೆನಪಿನಿಂದ ಹೆಸರು ಹೇಳಿದರು, ನಾನು ಬರೆದುಕೊಂಡೆ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಮದುಮಗಳು ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಇನ್ನೂರರ ಹತ್ತಿರ ಲೆಕ್ಕ ನಿಂತಿತು. ಪೊರ್ಬುಗಳು ಅದನ್ನು ಓದಿ ತಲೆಗೆ ಕೈ ಕೊಟ್ಟರು.

"ಸೈಂಟಿಸ್ಟ್, ಇದರಲ್ಲಿ ಇರುವುದೆಲ್ಲ ನಾವು ಜಗಳ ಮಾಡಿದವರು. ಒಳ್ಳೆಯವರ ಹೆಸರು ಒಂದೂ ನೆನಪಿಗೆ ಬರುವುದಿಲ್ಲವಲ್ಲ ಮಾರಾಯ."

ಶನಿವಾರ ಬಜಪೆಗೆ ಸ್ಕೂಟರಿನಲ್ಲಿ ಹೋದೆವು. ಮರುದಿನವೇ ಕಾಗದ ಹಂಚಲು ಹೊರಡಬೇಕು. ಬಹ್ರೈನಿನಿಂದ ಬಂದವನು ಕೈಗೆ ಕ್ಯಾಸೆಟ್ ಕೊಟ್ಟ. ಮೇಲೆ ನನ್ನ ಅಕ್ಷರ: 'ಎರಡು'. ಮನೆಗೆ ಬಂದು ಮೊದಲ ಬದಿ ಹಾಕಿದೆ. ತಮ್ಮನ ಸ್ವರ. ಪೊರ್ಬುಗಳು ಕಣ್ಣು ಮುಚ್ಚಿಕೊಂಡರು.

"ಮಾಂಯ್, ನಿಮ್ಮ ಕ್ಯಾಸೆಟ್ ಕೇಳಿದೆ," ಎಂದು ಶುರುವಾಯಿತು. ಮಧ್ಯೆ ಮಧ್ಯೆ ಬಿಕ್ಕು. "ಒಂದು ಮಾತೂ ಹೊರಗೆ ಬರುವುದಿಲ್ಲ, ಬರೀ ಉಬ್ಬಸ. ಇಷ್ಟು ಜೋರಾದದ್ದು ನನಗೆ ಯಾರೂ ಹೇಳಲಿಲ್ಲ. ಅಣ್ಣಾ, ನೀನೂ ಮುಚ್ಚಿಟ್ಟೆ. ಎರಡನೇ ಬದಿಯಲ್ಲೂ ಅದೇ ಉಂಟು. ಅದನ್ನು ನಾನು ಮುಟ್ಟಲಿಲ್ಲ. ತೆಗೆದುಕೊಂಡು ಹೋಗಿ ಡಾಕ್ಟರಿಗೆ ಕೇಳಿಸಿ."

ನಾನು ಪೂರ್ತಿ ಕೇಳುವ ಮೊದಲೇ ಕ್ಯಾಸೆಟ್ ತಿರುಗಿಸಿದೆ.

ಮೊದಲ ಸಲ ಅರ್ಧದಲ್ಲಿ ನಿಂತಿತು. ಎರಡನೇ ಸಲವೂ ನಿಂತಿತು. ಟೇಪಿನ ಹೆಡ್ ಸ್ವಲ್ಪ ವಾರೆಯಾಗಿತ್ತು. ಅದರ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಶಬ್ದ ಮೊನಚಾಗುವ ಜಾಗ ಹುಡುಕಿದೆ. ಬಾಯಿ ಫ್ರಿಜ್, ಫ್ಯಾನು ಎಲ್ಲ ಆರಿಸಿದರು. ಅಡಾಪ್ಟರಿಗೆ ಬಟ್ಟೆ ಇಲ್ಲವೆಂದು ತಾವೇ ಬಗ್ಗಿ ನೋಡಿದರು. ಪೊರ್ಬುಗಳು ಕರೆಂಟಿನ ಪಿನ್ನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು. ನಾನು ಮೊಣಕೈಗಳನ್ನು ಹೊಟ್ಟೆಗೆ ಅಂಟಿಸಿಕೊಂಡು ಮೂರನೇ ಸಲ ಬಟನ್ ಒತ್ತಿದೆ.

ಕೆಲವು ನಿಮಿಷ ಚೀಂ, ಕರ್ರ್. ಯಾರೂ ಉಸಿರು ಬಿಡಲಿಲ್ಲ. ಕೆಮ್ಮು ಬಂದ ಮಾಂಯ್ ತಮ್ಮ ಸೆರಗನ್ನೇ ಬಾಯೊಳಗೆ ತುರುಕಿಕೊಂಡು ಅಂಗಳಕ್ಕೆ ಓಡಿದರು.

ಶಬ್ದ ನಿಂತಿತು. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೆ ಒಂದು ಇಳಿದವು. ಡಿಸೋಜ, ಡಿಸೋಜ, ಡಿಸೋಜ. ಪೊರ್ಬುಗಳು ಪಿನ್ನು ಬಿಡದೆಯೇ ಅತ್ತರು. ಆರುನೂರೂ ಮುಗಿಯುವವರೆಗೆ ನಾನು ಕೈಯಲ್ಲಿ ಬರೆದುಕೊಂಡೆ. ಐದನೇ ಪ್ರತಿ ಕಾಗದದ್ದು.

ಆಮೇಲೆ ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಮುರಿದೆ. ಮುರಿದರೆ ಅದರ ಮೇಲೆ ಮತ್ತೆ ಯಾರೂ ಮಾತಾಡಲು ಆಗುವುದಿಲ್ಲ. ಕಾಗದ ಹಂಚಿದ್ದಾಯಿತು, ಒಂದು ಮನೆಯೂ ಬಿಡಲಿಲ್ಲ. ಬಸ್ಸಿನಿಂದ ಇಳಿದುಹೋಗುವವನೂ ಮದುವೆಗೆ ಬಂದು ಎರಡು ಸಲ ಬಡಿಸಿಕೊಂಡ.

ಆದರೆ ಅದಕ್ಕೆ ಮೊದಲು, ಕಾಗದ ಹಂಚಿದ ಆ ಭಾನುವಾರವೇ, ಬಹ್ರೈನಿಗೆ ಹೊರಟ ಒಬ್ಬರ ಕೈಯಲ್ಲಿ ಮಾಂಯ್ ಹೊಸ ಕ್ಯಾಸೆಟ್ ಕಳಿಸಿದರು. ಇದು ಸರಿಯಾದದ್ದೇ ಎಂದು ನೋಡಲು ನನ್ನನ್ನು ಕೂರಿಸಿ ಮೊದಲ ಮಾತುಗಳನ್ನು ಕೇಳಿಸಿದರು:

"ಪುತಾ, ಅಳಬೇಡ. ನಾನು ಗಟ್ಟಿ ಇದ್ದೇನೆ. ನೀನು ಕೇಳಿದ ಉಬ್ಬಸ ನೀನೇ ಕಳಿಸಿದ ಕಂಪ್ಯೂಟರಿನದು. ಅದಕ್ಕೆ ಈಗ ಸ್ವಲ್ಪ ಗುಣ ಉಂಟು, ಪಕ್ಕದ ಮನೆಯ ಹುಡುಗ ನೋಡ್ತಾನೆ. ಮಳೆಗಾಲಕ್ಕೆ ಸ್ವೆಟರೂ ಹೆಣೆದು ಇಟ್ಟಿದ್ದೇವೆ."